ಉಕ್ಕಿದ ಹಾಲಿಗೆ ಚಪ್ಪಾಳೆ

ನಮ್ಮೂರಲ್ಲಿ ಮನಸ್ಸಿಲ್ಲದೆ ತಟ್ಟಿದ ಚಪ್ಪಾಳೆಗೆ ಸದ್ದು ಬರುವುದಿಲ್ಲ. ಅಂಗೈಗೆ ಅಂಗೈ ಬಡಿಯುತ್ತದೆ, ಬಳೆಗಳು ಗಲಗಲ ಎನ್ನುತ್ತವೆ, ಕೈಗಡಿಯಾರದ ಪಟ್ಟಿ ಸಡಿಲವಾಗುತ್ತದೆ, ಚಪ್ಪಾಳೆ ಮಾತ್ರ ಕೇಳುವುದಿಲ್ಲ. ಹೊರಗಿನಿಂದ ಬಂದ ಭಾಷಣಕಾರರು ಮೊದಲ ಸಲ ಕಿವಿಯೊಳಗೆ ಬೆರಳು ಹಾಕಿ ಅಲ್ಲಾಡಿಸಿಕೊಳ್ಳುತ್ತಾರೆ. ಎರಡನೆಯ ಸಲ ನಮ್ಮೂರಿಗೆ ಬರುವುದಿಲ್ಲ. ಸನ್ಮಾನಗಳೆಂದರೆ ಇಲ್ಲಿ ದೊಡ್ಡ ಫಜೀತಿ. ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿಯನ್ನು ಮಡಿಲಿಗಿಟ್ಟು ಎಲ್ಲರೂ ಎದ್ದು ನಿಂತು ತಟ್ಟುತ್ತಾರೆ. ಸಭಾಂಗಣದಲ್ಲಿ ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. ಸನ್ಮಾನಿತರು ಹಣ್ಣಿನ ಬುಟ್ಟಿಯನ್ನೇ ನೋಡುತ್ತಾ ಕೂತಿರುತ್ತಾರೆ.

ಇದರಿಂದ ನನ್ನ ಹೊಟ್ಟೆಪಾಡು ನಡೆಯುತ್ತದೆ. ನನ್ನ ಹೆಸರು ಭೂಷಣ. ನನಗೆ ಲೋಕದಲ್ಲಿ ಎಲ್ಲವೂ ಇಷ್ಟವಾಗುತ್ತದೆ, ಇದು ಹುಟ್ಟಿನಿಂದ ಬಂದ ದೌರ್ಬಲ್ಯ. ಬಸ್ಸು ತಡವಾಗಿ ಬಂದರೆ ಬಂತಲ್ಲ ಎಂದು ಖುಷಿ, ಬರದಿದ್ದರೆ ನಡೆದುಕೊಂಡು ಹೋಗಬಹುದಲ್ಲ ಎಂದು ಖುಷಿ. ಪುರಸಭೆಯ ಅಧ್ಯಕ್ಷರ ಭಾಷಣ ಕೇಳಿದರೂ ಪಾಪ, ಎಷ್ಟು ಕಷ್ಟಪಟ್ಟು ಉಗುಳು ನುಂಗುತ್ತಿದ್ದಾರೆ ಎಂದು ಮನಸ್ಸು ಕರಗಿ ಬಿಡುತ್ತದೆ. ತಟ್ಟಿದರೆ ಪಟಾಕಿ ಸಿಡಿದಂತೆ ಸದ್ದು. ಹಾಗಾಗಿ ನಾಮಕರಣದಿಂದ ನಿವೃತ್ತಿಯವರೆಗೆ ಎಲ್ಲ ಸಮಾರಂಭಕ್ಕೂ ನನ್ನನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಕೊನೆಯಲ್ಲಿ ಕಾಯಿ, ಬಾಳೆಹಣ್ಣು, ಒಂದು ಪಂಚೆ. ಉಡದ ಪಂಚೆಗಳಿಂದ ನಮ್ಮ ಮನೆಯ ಟ್ರಂಕು ಮುಚ್ಚುವುದಿಲ್ಲ.

ನಮ್ಮ ಮನೆ ಎಂದೆ. ನಾನೂ ತ್ರಯಂಬಕ ಮೇಷ್ಟ್ರೂ ಒಂದೇ ಮನೆಯಲ್ಲಿದ್ದೇವೆ. ಬಾಡಿಗೆ ಹಂಚಿಕೊಳ್ಳುವುದಕ್ಕೆ ಎಂದು ಕೇಳಿದವರಿಗೆ ಹೇಳುತ್ತೇವೆ. ಕೇಳಿದವರು ಈವರೆಗೆ ಯಾರೂ ಇಲ್ಲ. ಆದರೂ ಇಪ್ಪತ್ತು ವರ್ಷದಿಂದ ಹೇಳಿಕೊಂಡೇ ಬಂದಿದ್ದೇವೆ. ಮನೆಯಲ್ಲಿ ಎರಡು ಮಂಚಗಳಿವೆ. ಒಂದರ ಮೇಲೆ ಹಳೆಯ ಪತ್ರಿಕೆಗಳು ಮಲಗುತ್ತವೆ. ಬೀದಿಯಲ್ಲಿ ಮೇಷ್ಟ್ರು ಹತ್ತು ಹೆಜ್ಜೆ ಮುಂದೆ, ನಾನು ಹಿಂದೆ. ಸಿನಿಮಾಕ್ಕೆ ಹೋದರೆ ನಮ್ಮಿಬ್ಬರ ನಡುವಿನ ಸೀಟಿನಲ್ಲಿ ಅವರ ಕೊಡೆ ಕೂರುತ್ತದೆ. ಹೊರಗೆ ನಾನು ಅವರನ್ನು ಎಲ್ಲರಂತೆ ‘ಮೇಷ್ಟ್ರೇ’ ಎನ್ನುತ್ತೇನೆ. ಒಳಗೆ, ಹೆಂಡತಿ ಗಂಡನನ್ನು ಕರೆಯುವ ಹಾಗೆ, ‘ರೀ’. ಇದನ್ನು ಮೊದಲು ತಮಾಷೆಗೆ ಶುರು ಮಾಡಿದ್ದೆ, ಆಮೇಲೆ ನಾಲಿಗೆಗೆ ಅದೇ ರೂಢಿಯಾಯಿತು.

ಮೇಷ್ಟ್ರು ಹೈಸ್ಕೂಲಿನಲ್ಲಿ ಭೂಗೋಳ ಹೇಳಿ ನಿವೃತ್ತರಾದವರು, ನಮ್ಮೂರಿನ ‘ಊರ ಕನ್ನಡಿ’ ವಾರಪತ್ರಿಕೆಯ ಸಿನಿಮಾ ವಿಮರ್ಶಕರು. ಅವರ ಕೈ ಹುಟ್ಟಿದಾಗಿನಿಂದ ಒಮ್ಮೆಯೂ ಸದ್ದು ಮಾಡಿಲ್ಲ. ಮಗುವಿದ್ದಾಗ ‘ಚಪ್ಪಾಳೆ ತಟ್ಟೋ ಕಂದ’ ಎಂದರೂ ಕೈ ಮೂಕವಾಗಿಯೇ ಇತ್ತಂತೆ. ಊರಿನವರಿಗೆ ಇದರಿಂದ ಅವರ ಮೇಲೆ ಅಪಾರ ಗೌರವ. ಏನನ್ನೂ ಮೆಚ್ಚದ ಮನುಷ್ಯ ಬಹಳ ಓದಿರಬೇಕು ಎಂಬುದು ನಮ್ಮೂರಿನ ನಂಬಿಕೆ. ಮೇಷ್ಟ್ರೂ ಅದನ್ನೇ ಕಿರೀಟ ಮಾಡಿಕೊಂಡಿದ್ದರು. ನನಗೊಬ್ಬನಿಗೇ ಗೊತ್ತಿದ್ದದ್ದು ಬೇರೆ. ಒಂದು ಸಲ ನಾನು ಮಾಡಿದ ಹುಗ್ಗಿ ತಿಂದು, ನನ್ನ ಬಿಟ್ಟು ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ ಕೈ ತಟ್ಟಿದ್ದರು. ಏನೂ ಕೇಳಲಿಲ್ಲ. ಅಂಗೈಗಳನ್ನು ತಿರುಗಿಸಿ ನೋಡಿಕೊಂಡು, “ಉಪ್ಪು ಸ್ವಲ್ಪ ಜಾಸ್ತಿ” ಎಂದು ಎದ್ದು ಹೋದರು. ಹುಗ್ಗಿಗೆ ಉಪ್ಪು ಸರಿಯಾಗಿತ್ತು.

ನಮ್ಮೂರಿನ ಟಾಕೀಸು ಹಯಾತ್ ಸಾಹೇಬರದು. ಅವರು ಸಿನಿಮಾ ನೋಡುವುದಿಲ್ಲ. ಗೇಟಿನ ಬಳಿ ಬೆತ್ತದ ಕುರ್ಚಿಯಲ್ಲಿ ಟಾಕೀಸಿಗೆ ಬೆನ್ನು ಹಾಕಿ ಕೂತು, ಕೊನೆಯಲ್ಲಿ ಚಪ್ಪಾಳೆ ಕೇಳುತ್ತದೆಯೇ ಎಂದು ಕಿವಿಗೊಡುತ್ತಾರೆ. ಶುಕ್ರವಾರ ಬಂದ ಸಿನಿಮಾಕ್ಕೆ ಗುರುವಾರದೊಳಗೆ ಗೇಟಿನವರೆಗೆ ಒಂದು ಚಪ್ಪಾಳೆ ಕೇಳಿಸಿದರೆ ಮತ್ತೊಂದು ವಾರ. ಇಲ್ಲದಿದ್ದರೆ ಪೋಸ್ಟರ್ ಹರಿದು ಹಾಕುತ್ತಾರೆ. ಟಿಕೆಟ್ಟು ಎಷ್ಟು ಹೋಯಿತು ಎನ್ನುವುದು ಅವರಿಗೆ ಮುಖ್ಯವಲ್ಲ. ನನ್ನ ಚಪ್ಪಾಳೆ ಮಾತ್ರ ಅವರಲ್ಲಿ ನಡೆಯುವುದಿಲ್ಲ. “ಭೂಷಣ ಇಂಟರ್‌ವಲ್ಲಿಗೂ ಚಪ್ಪಾಳೆ ತಟ್ತಾನೆ, ಅವನ ಕೈ ಲೆಕ್ಕಕ್ಕಿಲ್ಲ” ಎಂದು ಮೊದಲಿನಿಂದಲೂ ಹೇಳಿಟ್ಟಿದ್ದಾರೆ.

ಆ ಟಾಕೀಸಿಗೆ ‘ಎರಡು ಲೋಟ’ ಎಂಬ ಸಿನಿಮಾ ಬಂತು. ನಿರ್ದೇಶಕಿ ಅಂಬಿಕಾ ಎನ್ನುವ ಹುಡುಗಿ; ದೊಡ್ಡ ಕಂಪನಿ ಯಾವುದೂ ಇಲ್ಲದೆ, ಸ್ನೇಹಿತರನ್ನು ಕಾಡಿ ಬೇಡಿ ತಾನೇ ತೆಗೆದ ಸಿನಿಮಾವನ್ನು ತಾನೇ ವ್ಯಾನಿನಲ್ಲಿ ಹೊತ್ತು ಊರೂರು ತಿರುಗುತ್ತಿದ್ದಳು. ನನ್ನ ಕೈಯ ಕೀರ್ತಿ ಕೇಳಿ ಮನೆಗೇ ಬಂದಳು.

“ನನ್ನ ಚಪ್ಪಾಳೆ ಇಲ್ಲಿ ನಡಿಯಲ್ಲ ಕಣಮ್ಮ” ಎಂದೆ.

“ನಡೀದಿದ್ರೆ ಬೇಡ ಅಂಕಲ್. ಸುಮ್ನೆ ಬಂದು ನೋಡಿ. ಹಿಂದಿನ ಊರಲ್ಲಿ ಸ್ಕ್ರೀನಿಗೆ ಟೊಮ್ಯಾಟೊ ಹೊಡೆದ್ರು. ಎಲ್ಲಾದ್ರೂ ಒಬ್ರು ಪೂರ್ತಿ ಕೂತು ನೋಡಿದ್ರೆ ನನಗೆ ಸಾಕು.”

ನೋಡಿದೆ. ಒಬ್ಬ ಟೈಲರ್, ಒಬ್ಬ ಲೈನ್‌ಮನ್. ಇಬ್ಬರೂ ಒಂದೇ ಮನೆಯಲ್ಲಿ ಬಹಳ ಕಾಲದಿಂದ ಇದ್ದಾರೆ. ಸೋಪು ಸವೆಯಿತು ಎಂದು ಜಗಳವಾಡುತ್ತಾರೆ. ಒಬ್ಬನ ಅಂಗಿಯ ಗುಂಡಿಯನ್ನು ಇನ್ನೊಬ್ಬ ಹಲ್ಲಿನಲ್ಲಿ ದಾರ ಕಡಿದು ಹೊಲಿಯುತ್ತಾನೆ. ಲೈನ್‌ಮನ್ನಿನ ಅಣ್ಣ ಹೆಣ್ಣು ಗೊತ್ತು ಮಾಡಿಕೊಂಡು ಬರುತ್ತಿದ್ದಾನೆಂದು ಸುದ್ದಿ ಬರುತ್ತದೆ. “ಒಂದು ವಾರ ಬೇರೆ ಕಡೆ ಇರು” ಎನ್ನುತ್ತಾನೆ ಲೈನ್‌ಮನ್. ಟೈಲರ್ ಬಟ್ಟೆ ಕಟ್ಟಿಕೊಂಡು, ಹೋಗುವ ಮುಂಚೆ ಕೊನೆಯದಾಗಿ ಒಲೆಯ ಮೇಲೆ ಹಾಲಿಡುತ್ತಾನೆ. “ರೀ, ಹಾಲು ನೋಡ್ಕೊಳ್ಳಿ” ಎಂದು ಹೊರಡುತ್ತಾನೆ. ಲೈನ್‌ಮನ್ ಅವನ ಕೈ ಹಿಡಿದು ಎಳೆದು ಮುತ್ತಿಡುತ್ತಾನೆ. ಸಿನಿಮಾದವರ ಹೂವಿನ ಮುತ್ತಲ್ಲ, ನಿಜವಾದದ್ದು. ಹಿಂದೆ ಹಾಲು ಉಕ್ಕುತ್ತದೆ, ಚೆಲ್ಲುತ್ತದೆ, ಒಲೆಯಿಂದ ಇಳಿದು ಕಟ್ಟೆಯ ಮೇಲೆ ಹರಿಯುತ್ತದೆ, ಸೀಯುತ್ತದೆ. ಇಬ್ಬರೂ ತಿರುಗಿ ನೋಡುವುದಿಲ್ಲ. ಕೊನೆಗೆ ಎರಡು ಲೋಟ ಕರಿ ಕಾಫಿ ಇಟ್ಟುಕೊಂಡು ಅಣ್ಣನಿಗಾಗಿ ಕಾಯುತ್ತಾ ಕೂರುತ್ತಾರೆ.

ನಾನು ಗಳಗಳ ಅತ್ತೆ. ದೀಪ ಹತ್ತಿತು. ಟಾಕೀಸು ಭರ್ತಿಯಾಗಿತ್ತು, ಯಾರೂ ಮಿಸುಕಲಿಲ್ಲ. ನಾನು ಕೈಯೆತ್ತಿ ತಟ್ಟಿದೆ. ಸದ್ದು ಬರಲಿಲ್ಲ. ಮತ್ತೆ ತಟ್ಟಿದೆ, ಇಲ್ಲ. ಪುರಸಭೆಯ ಅಧ್ಯಕ್ಷರಿಗೂ ಬಂದ ಸದ್ದು, ಜೀವಮಾನದಲ್ಲೇ ನನಗೆ ಅತ್ಯಂತ ಇಷ್ಟವಾದ ಸಿನಿಮಾಕ್ಕೆ ಬರಲಿಲ್ಲ. ಆಮೇಲೆ ಯೋಚಿಸಿದಾಗ ಹೊಳೆಯಿತು: ತಟ್ಟುವಾಗ ನಾನು ಪರದೆಯನ್ನು ನೋಡುತ್ತಿರಲಿಲ್ಲ. ಕೊಡೆಯ ಆಚೆ ಕೂತಿದ್ದ ಮೇಷ್ಟ್ರ ಮುಖವನ್ನು ನೋಡುತ್ತಿದ್ದೆ, ಅವರು ಏನಂದುಕೊಳ್ಳುತ್ತಾರೋ ಎಂಬ ಭಯದಲ್ಲಿ. ಭಯಕ್ಕೆ ಚಪ್ಪಾಳೆ ಎಲ್ಲಿಂದ ಬರಬೇಕು?

ಮರುದಿನ ಮೇಷ್ಟ್ರು ವಿಮರ್ಶೆ ಬರೆಯಲು ಕೂತರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಹುರುಳಿಕಾಯಿ ಸೋಸುತ್ತಿದ್ದೆ. ಅವರು ಬರೆದದ್ದನ್ನೆಲ್ಲ ನನಗೆ ಓದಿ ಹೇಳುವುದು ವಾಡಿಕೆ. “ಚಿತ್ರದ ಗತಿ ಬಸವನಹುಳುವಿನದು” ಎಂದು ಶುರುವಾಯಿತು. ಇರಲಿ, ಬಸವನಹುಳು ನನಗೆ ಇಷ್ಟ. “ಇಬ್ಬರು ಗಂಡಸರು ಒಂದೇ ಸೂರಿನಡಿ ಸಂಸಾರದಂತೆ ಬಾಳುವುದು ನಿರ್ದೇಶಕಿಯ ಕಲ್ಪನೆಯೇ ಹೊರತು ವಾಸ್ತವವಲ್ಲ. ಇಂಥ ಮನೆ ನಮ್ಮ ಸೀಮೆಯಲ್ಲಿ ಎಲ್ಲೂ ಇಲ್ಲ. ಒಬ್ಬ ಗಂಡಸು ಇನ್ನೊಬ್ಬನನ್ನು ‘ರೀ’ ಎಂದು ಕರೆಯುವ ಸಂಭಾಷಣೆಯಂತೂ ತೀರಾ ಕೃತಕ.”

“ರೀ, ಪಲ್ಯಕ್ಕೆ ಕಾಯಿ ಹಾಕ್ಲಾ?” ಎಂದೆ. ಬೇಕೆಂದು ಅಲ್ಲ, ಬಾಯಿಗೆ ಬಂದದ್ದು.

“ಹಾಕು. ಇರೋ, ಈ ‘ರೀ’ ವಾಕ್ಯ ಒಂದು ಮುಗಿಸ್ತೀನಿ.”

ನಾನು ಹುರುಳಿಕಾಯಿ ಬಿಟ್ಟು ಎದ್ದು ಬಂದೆ. “ಇದು ಹೀಗೇ ಅಚ್ಚಾಗುತ್ತಾ?”

“ಯಾಕೆ, ಕಾಗುಣಿತ ತಪ್ಪಿದೆಯಾ?”

“ಕಾಗುಣಿತ ಸರಿಯಾಗಿದೆ. ಮನೆ ಇಲ್ಲ. ನಾವು ಈಗ ಎಲ್ಲಿ ಕೂತಿದೀವಿ ಹೇಳಿ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಬಾಡಿಗೆ ಮನೇಲಿ” ಎಂದರು.

ನನಗೆ ಸಿಟ್ಟು ಬರುವುದು ಅಪರೂಪ. ಬಂದಾಗ ಹೇಗೆ ಇಟ್ಟುಕೊಳ್ಳಬೇಕು ಎಂದು ಗೊತ್ತಾಗುವುದಿಲ್ಲ. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗಾಯ್ತು ನಿಮ್ಮ ವಿಮರ್ಶೆ. ಯಾರೂ ಕೇಳದೆ ಇದ್ರೂ ಇಲ್ಲ ಇಲ್ಲ ಅಂತೀರಿ” ಎಂದೆ. ಅವರು ಕನ್ನಡಕ ಏರಿಸಿಕೊಂಡು ಮತ್ತೆ ಪೆನ್ನು ಹಿಡಿದರು. ಅದು ಹಾಗೇ ಅಚ್ಚಾಯಿತು. ಸಿನಿಮಾ ಓಡಬೇಕು ಎಂದು ನನಗೇನೂ ಹಟವಿರಲಿಲ್ಲ. ಈ ಮನೆ ಇದೆ ಎಂದು ಈ ಮನುಷ್ಯ ಒಂದು ಸಲ ಒಪ್ಪಿಕೊಳ್ಳಬೇಕು ಎಂಬುದಷ್ಟೇ ಆಸೆ. ಅಲ್ಲಿಯವರೆಗೆ ನನ್ನ ಕೈಯೂ ಏಳುವುದಿಲ್ಲ ಎಂದು ಯಾಕೋ ಅನ್ನಿಸಿತು. ಅದು ನಿಜವೇ ಆಯಿತು. ಆ ಭಾನುವಾರ ಒಂದು ನಾಮಕರಣದಲ್ಲಿ ತಟ್ಟಿದೆ, ಮೂಕ. ಮಗು ನನ್ನನ್ನು ದಿಟ್ಟಿಸಿ ನೋಡಿತು. ಪಂಚೆ ಕೊಡಲಿಲ್ಲ.

ಊರಿನವರ ಪ್ರತಿಕ್ರಿಯೆ ಬೇರೆ ದಾರಿ ಹಿಡಿಯಿತು. ಎಲ್ಲರೂ ಸಿನಿಮಾ ನೋಡಿದ್ದರು, ಕೆಲವರು ಎರಡೆರಡು ಸಲ. ಆದರೆ ಆ ಮುತ್ತಿನ ಬಗ್ಗೆ ಬಾಯಿಬಿಟ್ಟು ಮಾತಾಡುವುದು ಹೇಗೆ? ಆದ್ದರಿಂದ ಎಲ್ಲರೂ ಹಾಲಿನ ಬಗ್ಗೆ ಮಾತಾಡಿದರು. ಮಹಿಳಾ ಮಂಡಳಿಯ ಸುಲೋಚನಮ್ಮ, ನಮ್ಮ ಎದುರು ಮನೆಯವರು, ಮೊದಲು ಕಿಡಿ ಹಚ್ಚಿದರು: “ಅಲ್ರೀ, ಅಷ್ಟು ಹಾಲು! ಒಲೆ ಆರಿಸಿ ಆಮೇಲೆ ಏನಾದ್ರೂ ಮಾಡ್ಕೋಬಾರ್ದಾ?” ಹಾಲಿನ ಸೊಸೈಟಿ ತುರ್ತು ಸಭೆ ಸೇರಿ, ಹಸುವಿನ ಶ್ರಮಕ್ಕೆ ಅವಮಾನವಾಗಿದೆ ಎಂದು ನಿರ್ಣಯ ಮಾಡಿತು. ಪುರೋಹಿತರು ಅದನ್ನು ಒಪ್ಪಲಿಲ್ಲ. ಗೃಹಪ್ರವೇಶದಲ್ಲಿ ಹಾಲು ಉಕ್ಕಿಸುವುದೇ ಶಾಸ್ತ್ರ, ಉಕ್ಕಿದ್ದು ಪೂರ್ವ ದಿಕ್ಕಿಗಾದರೆ ತಪ್ಪೇನಿಲ್ಲ ಎಂದರು. ಉಕ್ಕಿದ್ದು ಯಾವ ದಿಕ್ಕಿಗೆ ಎಂದು ಪರೀಕ್ಷಿಸಲು ಜನ ಮತ್ತೊಮ್ಮೆ ಸಿನಿಮಾಕ್ಕೆ ಹೋದರು. ಕಾಲೇಜಿನ ಒಬ್ಬ ಉಪನ್ಯಾಸಕರು ಹಾಲೇ ಇಲ್ಲಿ ಸಮಾಜ, ಪಾತ್ರೆಯೇ ಕಾನೂನು ಎಂದು ವಿವರಿಸಿದರು; ಹಾಗಾದರೆ ಸೌಟು ಯಾರು ಎಂದು ಯಾರೋ ಕೇಳಿದಾಗ ಕೋಪಿಸಿಕೊಂಡು ಹೋದರು. ಕ್ಷೌರದಂಗಡಿಯಲ್ಲಿ ಅದು ನಿಜವಾದ ಹಾಲೋ ಸುಣ್ಣದ ನೀರೋ ಎಂದು ಕೈಕೈ ಮಿಲಾಯಿಸುವವರೆಗೆ ಹೋಯಿತು. ಆ ವಾರವೆಲ್ಲ ನಮ್ಮೂರಲ್ಲಿ ಯಾರ ಮನೆಯಲ್ಲಾದರೂ ಹಾಲು ಉಕ್ಕಿದರೆ ಅಕ್ಕಪಕ್ಕದವರು ಕಿಟಕಿಗೆ ಬಂದು ನಿಲ್ಲುತ್ತಿದ್ದರು.

ಟಾಕೀಸಿನ ಒಳಗಂತೂ ವಿಚಿತ್ರ. ದಿನವೂ ಭರ್ತಿ, ದಿನವೂ ನಿಶ್ಶಬ್ದ. ತಟ್ಟಿದರೆ ಎಲ್ಲಿ ಸದ್ದು ಬಂದುಬಿಡುತ್ತದೋ ಎಂದು ಜನ ಕೈಗಳನ್ನು ಬಂದೋಬಸ್ತು ಮಾಡಿಕೊಂಡು ಬರುತ್ತಿದ್ದರು. ಒಬ್ಬರು ಎರಡೂ ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದರೆ ಇನ್ನೊಬ್ಬರು ಪಕ್ಕದ ಮನೆಯ ಕೂಸನ್ನು ಎರವಲು ತಂದು ಎತ್ತಿಕೊಂಡು ಕೂರುತ್ತಿದ್ದರು. ಕೈಗಳ ಮೇಲೆಯೇ ಕೂತವರಿದ್ದರು. “ಇಷ್ಟು ಜನ ಒಳಗೆ ಹೋಗ್ತಾರೆ, ಕಣ್ಣೊರೆಸ್ಕೊಂಡು ಆಚೆ ಬರ್ತಾರೆ. ಆದ್ರೆ ಒಂದು ಕೈಯೂ ಕೇಳಿಸ್ತಿಲ್ಲ. ಇದೇನು ಮಾಯೆ ಭೂಷಣ?” ಎಂದು ಹಯಾತ್ ಸಾಹೇಬರು ಗಡ್ಡ ಕೆರೆದುಕೊಂಡರು. ಅಂಬಿಕಾ ವ್ಯಾನಿನ ಮೆಟ್ಟಿಲ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು.

ಬುಧವಾರ ಊರಿನ ಮರ್ಯಾದಾ ಸಮಿತಿಯಿಂದ ಸಿನಿಮಾದ ಖಂಡನಾ ಸಭೆ. ಸಮಿತಿಯ ಅಧ್ಯಕ್ಷರು ಪಾತ್ರೆ ಅಂಗಡಿಯ ಗಂಗಾಧರಪ್ಪ. ಈ ಗಲಾಟೆ ಶುರುವಾದ ಮೇಲೆ ಉಕ್ಕುವ ಮುಂಚೆ ಶಿಳ್ಳೆ ಹೊಡೆಯುವ ಹಾಲಿನ ಕುಕ್ಕರುಗಳು ಅವರ ಅಂಗಡಿಯಲ್ಲಿ ಬಿಸಿ ದೋಸೆಯಂತೆ ಹೋಗುತ್ತಿದ್ದವು. ಆದ್ದರಿಂದ ಅವರ ಖಂಡನೆಯಲ್ಲಿ ಸ್ವಲ್ಪ ಉಲ್ಲಾಸವೂ ಇತ್ತು. ಮುಖ್ಯ ಭಾಷಣ ತ್ರಯಂಬಕ ಮೇಷ್ಟ್ರದು. ಮುಂದಿನ ಸಾಲಿನಲ್ಲಿ ತಟ್ಟಲು ನನ್ನನ್ನು ಕರೆದಿದ್ದರು. ನನ್ನ ಕೈ ಸತ್ತ ಸುದ್ದಿ ಅವರಿಗಿನ್ನೂ ಮುಟ್ಟಿರಲಿಲ್ಲ. ಹೋಗಬಾರದಿತ್ತು ಎಂದು ನೀವು ಹೇಳಬಹುದು. ಆದರೆ ಮೇಷ್ಟ್ರ ಭಾಷಣಕ್ಕೆ ನಾನು ಹೋಗದೆ ಇದ್ದದ್ದೇ ಇಲ್ಲ. ಅವರು ಗಂಟಲು ಸರಿಮಾಡಿಕೊಂಡರೆ ಸಾಕು, ನನ್ನ ಅಂಗೈ ತುರಿಸುತ್ತದೆ.

ಮೇಷ್ಟ್ರು ಎದ್ದು ನಿಂತು ಹಾಲಿನ ಅಪವ್ಯಯದ ಬಗ್ಗೆ ಮಾತಾಡಿದರು. ಭೂಗೋಳದವರಲ್ಲವೇ, ಹುಲ್ಲುಗಾವಲುಗಳ ಬಗ್ಗೆಯೂ ಸ್ವಲ್ಪ ಹೇಳಿದರು. ಕೊನೆಗೆ ದನಿ ಏರಿಸಿ, “ಇಂಥ ಮನೆ ಇಲ್ಲ! ನಮ್ಮೂರಲ್ಲಂತೂ ಇಲ್ಲವೇ ಇಲ್ಲ!” ಎಂದರು. ಸಭೆಯೆಲ್ಲ ಕೈ ತಟ್ಟಿತು. ಫ್ಯಾನಿನ ಸದ್ದು. ಗಂಗಾಧರಪ್ಪ ನನಗೆ ಕಣ್ಸನ್ನೆ ಮಾಡಿದರು. ನಾನು ತಟ್ಟಿದೆ. ಫ್ಯಾನಿನ ಸದ್ದೇ.

“ಏನಯ್ಯಾ ಭೂಷಣ, ಕೈಗೇನು ಬಂತು?”

“ಗೊತ್ತಿಲ್ಲ ಅಣ್ಣಾ. ಬರ್ತಿಲ್ಲ.”

ಆಗ ಹಿಂದಿನಿಂದ ಸುಲೋಚನಮ್ಮ ಎದ್ದರು. ಸಭೆಗೆ ಸಹಾಯ ಮಾಡಬೇಕು ಎಂಬ ಶುದ್ಧ ಉದ್ದೇಶ ಅವರದು, ಈಗಲೂ ಆಣೆ ಮಾಡಿ ಹೇಳುತ್ತೇನೆ. “ಮೇಷ್ಟ್ರು ಹೇಳಿದ್ದು ಒಂದು ಲೆಕ್ಕದಲ್ಲಿ ನಿಜ” ಎಂದರು. “ಇಬ್ರು ಗಂಡಸ್ರು ಸಂಸಾರ ಮಾಡಿದ್ರೆ ಹಾಲು ಹಿಂಗೆಲ್ಲ ಚೆಲ್ಲಲ್ಲ. ನಮ್ಮ ಮೇಷ್ಟ್ರು, ಭೂಷಣ ಅವ್ರನ್ನೇ ನೋಡಿ. ಇಪ್ಪತ್ತು ವರ್ಷದಿಂದ ಎದುರಿಗಿದೀನಿ, ಅವ್ರ ಮನೆಯಿಂದ ಒಂದು ದಿನ ಹಾಲು ಸೀದ ವಾಸನೆ ಬಂದಿಲ್ಲ. ಎಂಥಾ ಅಚ್ಚುಕಟ್ಟು ಸಂಸಾರ! ಆ ಹುಡುಗಿ ಸಿನಿಮಾ ತೆಗಿಯೋ ಮುಂಚೆ ಬಂದು ಇವ್ರನ್ನ ನೋಡ್ಕೊಂಡು ಹೋಗ್ಬೇಕಿತ್ತು.”

ಯಾರಾದರೂ ನಗುತ್ತಾರೆ, ಕಲ್ಲು ಹೊಡೆಯುತ್ತಾರೆ ಎಂದು ನಾನು ತಲೆ ತಗ್ಗಿಸಿದೆ. ಯಾರೂ ನಗಲಿಲ್ಲ. “ಅದೂ ಸರಿಯೇ” ಎಂದರು ಹಾಲಿನ ಸೊಸೈಟಿಯವರು. “ಇಬ್ಬರೂ ಮಿತವ್ಯಯಿಗಳು” ಎಂದರು ಪುರೋಹಿತರು. ಗಂಗಾಧರಪ್ಪ ಕೂಡ ಅದರಲ್ಲಿ ಎರಡು ಮಾತಿಲ್ಲ ಎಂಬಂತೆ ತಲೆಯಾಡಿಸಿ, ಆಮೇಲೆ ತಾನು ಯಾವ ಸಭೆಯ ಅಧ್ಯಕ್ಷ ಎಂದು ನೆನಪಾಗಿ ತಲೆ ನಿಲ್ಲಿಸಿದರು. ವೇದಿಕೆಯ ಮೇಲೆ ಮೇಷ್ಟ್ರು ಮೈಕು ಹಿಡಿದು ನಿಂತೇ ಇದ್ದರು. ವಂದನಾರ್ಪಣೆ ಮುಗಿಯಿತು, ಸಭೆ ಬರಕಾಸ್ತಾಯಿತು, ಜನ ಕುಕ್ಕರಿನ ಬೆಲೆ ವಿಚಾರಿಸುತ್ತಾ ಹೋದರು.

ಬೀದಿಯಲ್ಲಿ ಮೇಷ್ಟ್ರು ಅಭ್ಯಾಸದಂತೆ ಹತ್ತು ಹೆಜ್ಜೆ ಮುಂದೆ ನಡೆದರು, ಆಮೇಲೆ ನಿಂತರು, ನಾನು ಹತ್ತಿರ ಬಂದ ಕೂಡಲೆ ಮತ್ತೆ ಮುಂದೆ ನಡೆದರು. ಹೀಗೆ ನಿಂತು ನಡೆದು ಮನೆ ಸೇರಿದೆವು. ಒಳಗೆ ಬಂದವರೇ ಪತ್ರಿಕೆಗಳ ಮಂಚದ ಮೇಲೆ ಕೂತುಬಿಟ್ಟರು. ಪತ್ರಿಕೆಗಳು ಜಾರಿ ನೆಲಕ್ಕೆ ಬಿದ್ದವು.

“ಇವರಿಗೆಲ್ಲ ಯಾವಾಗಿಂದ ಗೊತ್ತೋ?”

“ಎರಡು ಮನೆಗಿದ್ದ ಹಾಲಿನ ವರ್ತನೇನ ಒಂದೇ ಮನೆಗೆ ಮಾಡಿದ್ವಲ್ಲ, ಅವತ್ತಿಂದ ಇರ್ಬೇಕು.”

“ಹಾಗಾದ್ರೆ ಇಷ್ಟು ವರ್ಷ ನಾನು ಯಾರಿಂದ ಬಚ್ಚಿಟ್ಟೆ?”

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಗಾದೆ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಅವರು ಅಳುತ್ತಿದ್ದರು. ಅರವತ್ತು ದಾಟಿದ ಮೇಷ್ಟ್ರು, ಊರಿಗೆಲ್ಲ ನಿಷ್ಠುರ ಎನಿಸಿಕೊಂಡವರು, ಶಾಲು ಸುತ್ತಿಕೊಂಡು ಬಿಕ್ಕುತ್ತಿದ್ದರು. “ಕೊಡೇನ ಕೂರಿಸ್ಕೊಂಡು ಸಿನಿಮಾ ನೋಡಿದ್ನಲ್ಲೋ. ಎಷ್ಟು ಸಿನಿಮಾ ಹಂಗೇ ಹೋಯ್ತಲ್ಲೋ” ಎಂದರು. ನನಗೂ ದುಃಖ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತೆ. ಇನ್ನಷ್ಟು ಪತ್ರಿಕೆಗಳು ಬಿದ್ದವು.

ಗುರುವಾರದ ಮ್ಯಾಟಿನಿ ಕೊನೆಯ ಆಟ. ಪೋಸ್ಟರ್ ಹರಿಯಲು ಏಣಿ ತಂದು ಗೋಡೆಗೆ ಒರಗಿಸಿಟ್ಟಾಗಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಗಂಗಾಧರಪ್ಪ ಕೂಡ ಹೊಸ ಹಾಲಿನ ಕುಕ್ಕರನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದರು. ಮೇಷ್ಟ್ರು ಬಂದರು. ಅಭ್ಯಾಸದಂತೆ ನಡುವಿನ ಸೀಟಿನಲ್ಲಿ ಕೊಡೆ ಇಟ್ಟರು. ಒಂದು ಕ್ಷಣ ಅದನ್ನೇ ನೋಡಿದರು. ಕೊಡೆಯನ್ನು ಎತ್ತಿ ಕಾಲ ಬಳಿ ಹಾಕಿ, ನನ್ನ ಪಕ್ಕದಲ್ಲಿ ಕೂತರು. ಅವರ ಭುಜ ನನ್ನ ಭುಜಕ್ಕೆ ತಾಗಿತು. ಹಿಂದಿನ ಸಾಲಿನಿಂದ ಯಾರೋ, “ಮೇಷ್ಟ್ರೇ, ತಲೆ ಅಡ್ಡ ಬರುತ್ತೆ, ಸ್ವಲ್ಪ ತಗ್ಗಿ” ಎಂದರು. ಅಷ್ಟೇ. ಇಪ್ಪತ್ತು ವರ್ಷ ನಾವು ಹೆದರಿದ್ದ ಭೂಕಂಪ ಅದಾಗಿತ್ತು.

ಹಾಲು ಉಕ್ಕುವಾಗ ಮೇಷ್ಟ್ರು ನೆಲ ನೋಡಲಿಲ್ಲ. ಸಿನಿಮಾ ಮುಗಿದು ದೀಪ ಹತ್ತಿದಾಗ ಎದ್ದು ನಿಂತು, ಎರಡೂ ಕೈ ಎತ್ತಿ ತಟ್ಟತೊಡಗಿದರು. ಸದ್ದಿಲ್ಲ. ಜನ ಕಡಲೆಕಾಯಿ ಪೊಟ್ಟಣ ಹಿಡಿದು ನೋಡುತ್ತಿದ್ದರು. ಊರಿನ ಮೂಕ ಕೈ, ಮೆಚ್ಚದಿರುವುದಕ್ಕೇ ಹೆಸರಾದ ಕೈ, ಎಲ್ಲರೆದುರು ಬಡಿದುಕೊಳ್ಳುತ್ತಿತ್ತು. ನನ್ನ ಎದೆ ಒಡೆಯಿತು. ಸಿನಿಮಾಕ್ಕಲ್ಲ, ಆ ಮನುಷ್ಯನಿಗೆ ತಟ್ಟಿದೆ. ಪಟಪಟ ಎಂದು ನನ್ನ ಕೈ ಸಿಡಿಯಿತು. ಕೂಸುಗಳೆಲ್ಲ ಬೆಚ್ಚಿ ಅತ್ತವು.

ಗೇಟಿನಿಂದ ಹಯಾತ್ ಸಾಹೇಬರ ದನಿ ಬಂತು: “ಅದು ಭೂಷಣನ ಕೈ! ಲೆಕ್ಕಕ್ಕಿಲ್ಲ! ಏಣಿ ಹತ್ತಯ್ಯಾ!”

ಮೇಷ್ಟ್ರು ನಿಲ್ಲಿಸಲಿಲ್ಲ. ಅಂಗೈ ಕೆಂಪಾಗಿತ್ತು. ನನ್ನ ಕಡೆ ತಿರುಗಿ, “ಬರ್ತಿಲ್ಲ ಕಣೋ” ಎಂದರು, ಸ್ಲೇಟು ಒಡೆದುಕೊಂಡ ಮಗುವಿನಂತೆ.

“ಸಾಕು ಬಿಡ್ರೀ, ಕೈ ನೋಯುತ್ತೆ. ಮನೆಗೆ ಹೋಗಿ ಎಣ್ಣೆ ಹಚ್ತೀನಿ, ಬನ್ರೀ” ಎಂದೆ.

ಮನೆಯೊಳಗೆ ಹೇಗೆ ಹೇಳುತ್ತೇನೋ ಅದೇ ದನಿಯಲ್ಲಿ, ಅದೇ ಸಲಿಗೆಯಲ್ಲಿ ಹೇಳಿಬಿಟ್ಟಿದ್ದೆ. ಆ ನಿಶ್ಶಬ್ದದಲ್ಲಿ ಅದು ಬಾಲ್ಕನಿಯ ಕೊನೆಯ ಸಾಲಿಗೂ ಕೇಳಿತು. ನಾಲಿಗೆ ಕಚ್ಚಿಕೊಂಡೆ. ಮೇಷ್ಟ್ರು ನನ್ನನ್ನು ನೋಡಿದರು, ಸುತ್ತಲಿನವರನ್ನು ನೋಡಿದರು. ಕೃತಕ ಸಂಭಾಷಣೆ ಎಂದು ತಾವೇ ಬರೆದದ್ದು ನೆನಪಾಯಿತೋ ಏನೋ, ಅವರಿಗೆ ನಗು ಬಂತು. ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ನಗುತ್ತಲೇ, ಇಷ್ಟು ಹೊತ್ತು ತಟ್ಟುತ್ತಿದ್ದೆ ಎನ್ನುವುದನ್ನೇ ಮರೆತವರಂತೆ, ಇನ್ನೊಂದು ಸಲ ಕೈಗೆ ಕೈ ಹೊಡೆದರು. ಗಟ್ಟಿ ತೆಂಗಿನಕಾಯಿ ಒಡೆದಂತೆ ಕೇಳಿತು.

ಹೊರಗೆ ಬೆತ್ತದ ಕುರ್ಚಿ ಕಿರುಗುಟ್ಟಿತು. ಹಯಾತ್ ಸಾಹೇಬರು, ಜೀವನದಲ್ಲಿ ಮೊದಲ ಸಲ, ಬಾಗಿಲ ಪರದೆ ಸರಿಸಿಕೊಂಡು ಒಳಗೆ ಬಂದರು. “ಇದ್ಯಾರ ಕೈ? ಈ ಊರಲ್ಲಿ ನಾನು ಕೇಳದೇ ಇರೋ ಕೈ ಯಾವುದ್ರೀ?”

ಮೇಷ್ಟ್ರು ಕೈಯೆತ್ತಿದರು. ಹಯಾತ್ ಸಾಹೇಬರು ಗೇಟಿನ ಕಡೆ ತಿರುಗಿ ಕೂಗಿದರು, “ಏಣಿ ಇಳಿಯಯ್ಯಾ!” ಎಲ್ಲರೂ ತಟ್ಟಿದರು ಎಂದರೆ ಸುಳ್ಳಾಗುತ್ತದೆ. ಅಲ್ಲೊಂದು ಇಲ್ಲೊಂದು ಕಡಲೆಕಾಯಿ ಪೊಟ್ಟಣ ಬಿತ್ತು. ಕೆಲವು ಕೈಗಳು ಕೇಳಿದವು, ಕೆಲವು ತಟ್ಟಿದರೂ ಕೇಳಲಿಲ್ಲ. ಒಂದಿಷ್ಟು ಜನ ಮುಖ ಸಿಂಡರಿಸಿಕೊಂಡು ಎದ್ದು ಹೋದರು. ಗಂಗಾಧರಪ್ಪ ಕುಕ್ಕರನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡರು. ಅಂಬಿಕಾ ಬಾಗಿಲ ಬಳಿ ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಭಾನುವಾರ ‘ಊರ ಕನ್ನಡಿ’ಯ ಮೂಲೆಯಲ್ಲಿ ಒಂದು ತಿದ್ದುಪಡಿ ಬಂತು: “ಕಳೆದ ವಾರದ ವಿಮರ್ಶೆಯಲ್ಲಿ ‘ಇಂಥ ಮನೆ ಎಲ್ಲೂ ಇಲ್ಲ’ ಎಂದು ಅಚ್ಚಾಗಿತ್ತು. ‘ಇದೆ’ ಎಂದು ಓದಿಕೊಳ್ಳುವುದು. ಚಿತ್ರದ ಗತಿಯ ಬಗ್ಗೆ ಹೇಳಿದ್ದರಲ್ಲಿ ಬದಲಾವಣೆ ಇಲ್ಲ. — ತ್ರಯಂಬಕ.” ನಾನು ಅದನ್ನು ನಿಂತಲ್ಲೇ ಎರಡು ಸಲ ಓದಿದೆ. ಓದುತ್ತಿದ್ದಾಗ ಒಲೆಯ ಮೇಲೆ ಹಾಲು ಏರುವ ಸದ್ದು ಕೇಳಿ ಓಡಿದೆ. ಮೇಷ್ಟ್ರು ಒಲೆಯ ಪಕ್ಕದಲ್ಲೇ ನಿಂತಿದ್ದರು. ಆರಿಸಲು ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು, ಬಿಡಲಿಲ್ಲ. ಕೆನೆ ಗುಮ್ಮಟವಾಗಿ ಎದ್ದು ಒಡೆಯಿತು. ಹಾಲು ಪಾತ್ರೆ ದಾಟಿ, ಒಲೆ ದಾಟಿ, ಕಟ್ಟೆಯಿಂದ ಇಳಿದು ನಮ್ಮ ಕಾಲಿನವರೆಗೆ ಬಂತು. ಸೀದ ವಾಸನೆ ಕಿಟಕಿಯಿಂದ ಬೀದಿಗೆ ಹೋಯಿತು.

“ಏನ್ರೀ ಅದು ವಾಸನೆ?” ಎದುರು ಮನೆಯಿಂದ ಸುಲೋಚನಮ್ಮ ಕೂಗಿದರು. “ನಿಮ್ಮನೇಲಿ ಹಾಲು ಉಕ್ತಾ?”

ಮೇಷ್ಟ್ರು ಕಿಟಕಿಗೆ ಹೋದರು. ನನ್ನ ಕೈ ಅವರ ಕೈಯಲ್ಲೇ ಇತ್ತು, ಹಾಗಾಗಿ ನಾನೂ ಹೋದೆ. “ಉಕ್ಕಿಸಿದ್ವಿ ಸುಲೋಚನಮ್ಮ” ಎಂದರು. “ಈ ಮನೆಗೆ ಬಂದಾಗ ಉಕ್ಕಿಸಿರಲಿಲ್ಲ.”

ಸುಲೋಚನಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಂತೆ ಕಂಡಿತು. ಆಮೇಲೆ, “ಒಳ್ಳೇದಾಯ್ತು ಬಿಡಿ. ಒಲೆ ಈಗ್ಲೇ ಒರೆಸಿ, ಒಣಗಿದ್ರೆ ಕಲೆ ಹೋಗಲ್ಲ” ಎಂದರು.